ರಾಜನ ಪಾಲಾದ ಬೂಟು

ಪ್ರಾಗ್, ಗುರುವಾರ

ಬೋಜೆನಾ ಅಕ್ಕ,

ಇಲ್ಲಿನ ಅರಮನೆ ಮ್ಯೂಸಿಯಂನಲ್ಲಿ ಮರದ ನೆಲ ಸವೆಯದಿರಲೆಂದು ಬೂಟಿನ ಮೇಲೆಯೇ ಹಾಕಿಕೊಳ್ಳಲು ಉಣ್ಣೆಯ ಚಪ್ಪಲಿ ಕೊಡುತ್ತಾರೆ. ನಮ್ಮ ಯಜಮಾನರು, ಮನೆಯಲ್ಲಿ ಮಾಡುವ ಹಾಗೆ, ಬೂಟು ಬಿಚ್ಚಿ, ಗೋಡೆ ಪಕ್ಕ ಜೋಡಿಸಿಟ್ಟು ಒಳಗೆ ಹೋದರು. ವಾಪಸು ಬಂದರೆ ಬೂಟಿನ ಸುತ್ತ ಜನ ಸೇರಿ ಫೋಟೋ ತೆಗೆಯುತ್ತಿದ್ದಾರೆ.

"ಯಾವ ರಾಜಂದು ಇದು?" ಎಂದು ಒಬ್ಬಳು ಇವರನ್ನೇ ಕೇಳಿದಳು. ಆ ಹರಕಲು ಬೂಟು ತಮ್ಮದೆನ್ನಲು ನಾಚಿಕೊಂಡು, "ಯಾವ್ದೋ ಹಳೇ ರಾಜಂದು ತಾಯಿ" ಎಂದುಬಿಟ್ಟರು.

"ಎತ್ಕೊಂಡು ನಡೀರಿ" ಅಂದೆ.

"ಸುಮ್ನಿರೇ, ರಾಜನ ಬೂಟು ಕದ್ದ ಅಂತ ಹಿಡ್ಕೊಳ್ತಾರೆ" ಅಂದರು.

ಉಣ್ಣೆ ಚಪ್ಪಲಿಯಲ್ಲೇ ಮಳೆಯಲ್ಲಿ ನಡೆದು ಇವರಿಗೆ ನೆಗಡಿಯಾಗಿದೆ. ನಾನು ಗಟ್ಟಿಯಾಗಿದ್ದೇನೆ. ಬೂಟು ಎರವಲು ಕೊಟ್ಟ ಭಾವನಿಗೆ ನೀನೇ ಮೆಲ್ಲಗೆ ತಿಳಿಸು: ರಾಜರು ಯಾವತ್ತೂ ಏನನ್ನೂ ವಾಪಸು ಕೊಟ್ಟವರಲ್ಲ.

ತಂಗಿ ಲುದ್ಮಿಲಾ