ಬಲಗಡೆಯ ನಲವತ್ತೈದು

ಗುಂಡ್ಲುಪೇಟೆ
ಶನಿವಾರ, 14 ಜೂನ್ 2025

ಸುಧಾಮಣಿ ಅಕ್ಕನಿಗೆ, ಕುಮಾರಿ ತಲೆ ತಗ್ಗಿಸಿಕೊಂಡು ಬರೆಯುತ್ತಿರುವ ಕಾಗದ.

ಬೆಳಿಗ್ಗೆ ನೀವು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಇದನ್ನು ಬರೆಯಲು ಕೂತಿದ್ದೇನೆ. ನನ್ನ ಕರಪತ್ರದ ಫೋಟೊ ಚಾಮರಾಜನಗರದಲ್ಲಿ ನೀವು ಕೆಲಸ ಮಾಡುವ ಮಿಷಿನ್ ಅಂಗಡಿಯವರೆಗೂ ಬಂದು, ಮಾಲೀಕರಾದ ಶಾಂತಮಲ್ಲಪ್ಪನವರು ಮೆಕ್ಯಾನಿಕ್ ಚಿಕ್ಕಮಾದಣ್ಣನಿಗೆ ಸೋಮವಾರದಿಂದ ಬರಬೇಡ ಎಂದರಂತೆ. ಅಕ್ಕಾ, ನಾನು ಬರೆದದ್ದು ತಪ್ಪು. ಮಿಷಿನ್ ಸರಿಯಿದೆ. ಬರೀ ಬಾಯಿಮಾತನ್ನು ಮಾಲೀಕರು ನಂಬಲಿಕ್ಕಿಲ್ಲ. ಅದಕ್ಕೇ ಸಹಿ ಹಾಕಿದ ಕಾಗದವನ್ನು ಅಪ್ಪನ ಕೈಲಿ ಕಳಿಸುತ್ತಿದ್ದೇನೆ. ಅಂಗಡಿಯಲ್ಲಿ ಎಲ್ಲರ ಮುಂದೆ ಓದಿ.

ಫೋಟೊ ಚೌಕಟ್ಟಿನ ಮೂಲೆಯನ್ನು ಓರೆಯಾಗಿ ಕೊಯ್ಯಲೆಂದೇ ನಿಮ್ಮ ಅಂಗಡಿಯಿಂದ ಆ ಮೈಟರ್ ಮಿಷಿನ್ ತಂದೆವು. ಚಿಕ್ಕಮಾದಣ್ಣ ನಮ್ಮ ಶೆಡ್ಡಿಗೇ ಬಂದು ಕೂರಿಸಿ, ತುಂಡು ಕೊಯ್ದು ತೋರಿಸಿ ಹೋದರು. ಆಗ ಮೂಲೆಗಳು ಒಂದರ ಮೇಲೊಂದು ಮುಚ್ಚಿದ ರೆಪ್ಪೆಯ ಹಾಗೆ ಕೂತವು. ಮಾರನೆಯ ದಿನದಿಂದ ಪ್ರತಿ ಚೌಕಟ್ಟಿನಲ್ಲೂ ಉಗುರು ತೂರುವಷ್ಟು ಸಂದು. ಬ್ಲೇಡ್ ಬದಲಿಸಿದೆ. ಬೋಲ್ಟ್ ಬಿಗಿ ಮಾಡಿದೆ. ಮರ ಹಸಿಯೇನೋ ಎಂದು ಬೇರೆ ಮರ ತಂದೆ. ಅಪ್ಪ ಮೂಲೆಮಟ್ಟ ಹಿಡಿದು ನೋಡಿ, ತಪ್ಪು ಮರದ್ದೂ ಅಲ್ಲ, ಮಿಷಿನ್ದೂ ಅಲ್ಲ, ನಿನ್ ಆತ್ರದ್ದು ಕಣಮ್ಮಿ ಎಂದರು.

ಚಿಕ್ಕಮಾದಣ್ಣನಿಗೆ ಫೋನ್ ಮಾಡಿದ್ದೆ. ಎಡಗಡೆ ಸರಿ ಬತ್ತದಾ, ಅಂಗಾರೆ ಬಲಗಡೆ ಕಚ್ಚು ಒಸಿ ಒರ್ಸಿ ನೋಡವ್ವ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಕೊಂಡವರ ಮೇಲೇ ತಪ್ಪು ಹೊರಿಸುವುದು ವ್ಯಾಪಾರದ ಮೊದಲ ಉಪಾಯ ಎಂದು ಓದಿಕೊಂಡವಳು ನಾನು. ಒರೆಸಿ ನೋಡಲೇ ಇಲ್ಲ. ಕೂತು ಕರಪತ್ರ ಬರೆದೆ. ಹಳೆ ಮಿಷಿನ್ನಿಗೆ ಬಣ್ಣ ಬಳಿದು ಹೊಸದೆಂದು ಕೂರಿಸಿ ಹೋಗುವವರ ಪೈಕಿ ಇವರೊಬ್ಬರು ಎಂದು ಚಿಕ್ಕಮಾದಣ್ಣನ ಹೆಸರನ್ನೇ ಹಾಕಿದೆ. ದುಡಿಯುವವರ ಪರ ಎಂದು ಹೇಳಿಕೊಳ್ಳುವ ನಾನು ಒಬ್ಬ ದುಡಿಯುವವನ ಹೆಸರನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದೆ.

ನಿಮ್ಮ ಫೋನ್ ಬಂದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಮಿಷಿನ್ನಿನ ತಟ್ಟೆಯನ್ನು ಓರೆಗೆ ತಿರುಗಿಸಿದಾಗ ನಲವತ್ತೈದು ಡಿಗ್ರಿಯ ಗುರುತಿನಲ್ಲಿರುವ ಕಚ್ಚಿನೊಳಗೆ ಒಂದು ಕೀಲು ಟಕ್ಕೆಂದು ಕೂರಬೇಕು. ಬಲಗಡೆಯ ಕಚ್ಚಿನಲ್ಲಿ ಅರಿಸಿನ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಕೀಲು ಪೂರ್ತಿ ಇಳಿಯದೆ ಕೊಯ್ತ ಸೊಟ್ಟಗಾಗುತ್ತಿತ್ತು. ಹೊಸ ಮಿಷಿನ್ನಿಗೆ ನಮ್ಮ ಅವ್ವ ಪೂಜೆ ಮಾಡಿದ್ದಳು. ಯಂತ್ರಕ್ಕೆ ಬೇಕಾದದ್ದು ಎಣ್ಣೆ, ಅರಿಸಿನವಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳುವ ಹೆಂಗಸಲ್ಲ. ಹಳೇ ಬ್ರಷ್ಷಿನಿಂದ ಉಜ್ಜಿದೆ. ಟಕ್ಕೆಂದಿತು. ತುಂಡು ಕೊಯ್ದು ಜೋಡಿಸಿದೆ, ಮೂಲೆ ಕೂತಿತು.

ಗೋಡೆಯ ಮೇಲಿದ್ದದ್ದನ್ನೆಲ್ಲ ಕಿತ್ತು ಬಂದಿದ್ದೇನೆ. ಜನರ ಫೋನಿನಿಂದ ಕೀಳುವುದು ಹೇಗೆ ಅಕ್ಕಾ? ಚಿಕ್ಕಮಾದಣ್ಣನಿಗೆ ಕೆಲಸ ವಾಪಸು ಸಿಗದಿದ್ದರೆ ಮುಂದೆ ಯಾವ ಬಾಯಲ್ಲಿ ನ್ಯಾಯ ಎನ್ನಲಿ? ಸೋಮವಾರ ನಾನೂ ಬರುತ್ತೇನೆ. ಶಾಂತಮಲ್ಲಪ್ಪನವರು ಬೈದರೆ ಬೈಯಲಿ.

ನಿಮ್ಮ ನಂಬಿಕೆಗೆ ಮಸಿ ಬಳಿದ,
ಕುಮಾರಿ
(ಚೆಲುವಯ್ಯನವರ ಮಗಳು)

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಪೂಜೆ ಮಾಡಿದ್ದು ಅವ್ವ ಅಲ್ಲ, ನಾನು. ಆ ಬ್ಲೇಡ್ ಕಿರುಚಿದಾಗ ಅಪ್ಪನ ಕೈ ಅದರ ಪಕ್ಕದಲ್ಲೇ ಇತ್ತು. ಆ ಕೈಗೆ ಏನೂ ಆಗದಿರಲಿ ಎಂದುಕೊಂಡೆ. ಯಾರೂ ಇಲ್ಲದಾಗ ಅರಿಸಿನ ಕುಂಕುಮದ ಬಟ್ಟಲು ತಂದು ಮಿಷಿನ್ನಿಗೆ ಹಚ್ಚಿದೆ. ಅವ್ವ ನೋಡಿಬಿಟ್ಟಳು. ಪೂಜೆ ಗೀಜೆ ಬ್ಯಾಡಿ ಅಂತ ಊರ್ಗೆಲ್ಲ ಯೋಳೋಳು ಇದೇನಮ್ಮಿ ಮಾಡ್ತಿದ್ದೀಯೆ ಎಂದು ನಕ್ಕಳು, ಯಾರಿಗೂ ಹೇಳಲಿಲ್ಲ. ಒಬ್ಬರ ಹೆಸರು ಉಳಿಸುವ ಕಾಗದದಲ್ಲಿ ಇನ್ನೊಬ್ಬರ ಹೆಸರು ಕೆಡಿಸಿದೆ. ಅಕ್ಕಾ, ಇದನ್ನೂ ಗಟ್ಟಿಯಾಗಿ ಓದಿ. ಚಿಕ್ಕಮಾದಣ್ಣ ಅಲ್ಲಿದ್ದರೆ ಅವರ ಕೈಗೇ ಕೊಟ್ಟು ಓದಿಸಿ.