ಅತ್ತೆಯ ಫಸ್ಟ್ ಕ್ಲಾಸ್

ಮಾರ್ಚ್ 4

ಹಳೇ ಬೋಗಿಯ ಎರಡನೇ ಸೋಫಾ ಬಿಚ್ಚಿದೆ. ಮೇಲೆ ಕೆಂಪು ರೆಕ್ಸಿನ್. ಅದರಡಿ ಹಸಿರು ಬಟ್ಟೆ. ಅದರಡಿ ಬೂದು ಮಖಮಲ್ಲು, ಒಳಗೆ ತುಂಬಿದ್ದು ಕುದುರೆ ಕೂದಲು! ಇಡೀ ದಿನ ಸೀನು. ಮೇಸ್ತ್ರಿ ಹೇಳಿದರು — ಮಖಮಲ್ಲು ದೊಡ್ಡ ಮನುಷ್ಯರ ಕಾಲದ್ದು, ಹಸಿರು ಬಂದಾಗ ಬೋಗಿ ಸೆಕೆಂಡ್ ಕ್ಲಾಸಿಗೆ ಇಳಿದಿತ್ತು, ರೆಕ್ಸಿನ್ ಹಾಕುವಷ್ಟರಲ್ಲಿ ಹಳಿ ರಿಪೇರಿಯವರು ಮಲಗುವ ಬೋಗಿ. ಈಗ ಮ್ಯೂಸಿಯಮ್ಮಿಗೆ ಮತ್ತೆ ಮಖಮಲ್ಲೇ ಬೇಕಂತೆ. ಇಪ್ಪತ್ತೆರಡು ವರ್ಷದಿಂದ ರೈಲಿನ ಸೀಟು ಹೊಲಿಯುತ್ತಿದ್ದೇನೆ. ಇಂಥದ್ದು ಮುಟ್ಟಿದ್ದು ಇದೇ ಮೊದಲು.

ಹಳೇ ಫಸ್ಟ್ ಕ್ಲಾಸಿನ ಸಲೂನ್ ಬೋಗಿ ಕೆಲಸ ಅಂತ ಮನೆಯಲ್ಲಿ ಹೇಳಿದೆ. ಇವರು "ಕಟಿಂಗ್ ಶಾಪಾ?" ಅಂದರು. ಅತ್ತೆ ನಗಲಿಲ್ಲ. "ನಾನು ಓಡಾಡಿದ್ದೀನಿ ಅದರಲ್ಲಿ" ಅಂದು ಬೆನ್ನು ನೆಟ್ಟಗೆ ಮಾಡಿ ಕೂತರು.

ಗೊತ್ತು. ಲೋಟದಲ್ಲಿ ಕಲೆ ಕಂಡರೂ ಇದೇ ಮಾತು, ಬಾಗಿಲು ಜೋರಾಗಿ ಹಾಕಿದರೂ ಇದೇ. "ಫಸ್ಟ್ ಕ್ಲಾಸಲ್ಲಿ ಓಡಾಡಿದವಳು ಕಣೇ ನಾನು." ಮದುವೆಗೆ ಮುಂಚೆ, ಯಾರೋ ದೊಡ್ಡ ಇಂಜಿನಿಯರ್ ಮನೆಯವರ ಜೊತೆಗಂತೆ.

ಮಾರ್ಚ್ 5

ನನ್ನ ಬಾಯಿ ಸುಮ್ಮನಿರಬೇಕಲ್ಲ. ಮ್ಯೂಸಿಯಂ ಆಫೀಸರ್ ಬಂದಿದ್ದರು. "ಈ ಥರದ ಬೋಗೀಲಿ ಓಡಾಡಿದವರು ಯಾರಾದ್ರೂ ಇನ್ನೂ ಇದ್ದಾರಾ?" ಅಂತ ಎಲ್ಲರನ್ನೂ ಕೇಳಿದರು. "ನಮ್ಮತ್ತೆ ಇದ್ದಾರೆ ಸರ್" ಅಂದುಬಿಟ್ಟೆ.

ಉದ್ಘಾಟನೆಗೆ ಕರೆತರಬೇಕಂತೆ. ಪೇಪರಿನವರೂ ಬರುತ್ತಾರಂತೆ. ಅತ್ತೆ ಹೊಸ ಚಪ್ಪಲಿ ಬೇಕು ಅಂದರು.

ಮಾರ್ಚ್ 19

ಇಷ್ಟು ದಿನ ಬರೆಯಲು ಆಗಿರಲಿಲ್ಲ. ಸೋಫಾಗಳು ಮುಗಿದವು. ಇವತ್ತು ಬಡಗಿಗಳು ಬೋಗಿಯ ಕೊನೆಯಲ್ಲಿ ಒಂದು ತಗಡು ಕಿತ್ತರು. ಹಿಂದೆ ಪುಟ್ಟ ಕೋಣೆ. ಕೂರಲು ಒಂದು ಹಲಗೆ. ಕುಶನ್ ಇಲ್ಲ, ಫ್ಯಾನ್ ಇಲ್ಲ, ಅಂಗೈಯಗಲ ಕಿಟಕಿ.

"ಇದಕ್ಕೇನು ಹೊಲೀಲಿ ಮೇಸ್ತ್ರಿ?"

"ಏನೂ ಬೇಡಮ್ಮ. ಆಳುಗಳ ರೂಮು ಇದು. ಆಗ ಫಸ್ಟ್ ಕ್ಲಾಸಿನವರು ಆಳುಗಳನ್ನೂ ಜೊತೆಗೆ ಕರ್ಕೊಂಡು ಹೋಗ್ತಿದ್ರಲ್ಲ. ಅಡುಗೆಯವನು, ಮಗು ನೋಡ್ಕೊಳ್ಳೋಳು..."

ಅತ್ತೆ ಓಡಾಡಿದ್ದು ಈ ಕೋಣೆಯಲ್ಲೇ ಇರಬಹುದಾ? ದೊಡ್ಡ ಇಂಜಿನಿಯರ್ ಮನೆಯವರು. ನೆಂಟರೋ, ಪರಿಚಯದವರೋ — ಅತ್ತೆ ಯಾವತ್ತೂ ಹೇಳಿಲ್ಲ. ನಾವೂ ಕೇಳಿಲ್ಲ.

ಖುಷಿಯಾಯಿತಾ? ಆಯಿತು, ಒಂದು ಗಳಿಗೆ. ಆಮೇಲೆ ಇಲ್ಲ. ಯಾಕೆ... ತಿಳಿಯುತ್ತಿಲ್ಲ.

ಮಾರ್ಚ್ 20, ಬೆಳಿಗ್ಗೆ

ಇವರಿಗೆ ಹೇಳಿದೆ. "ಅಮ್ಮ ಸುಳ್ಳು ಹೇಳೋರಲ್ಲ" ಅಂದರು. ಸ್ವಲ್ಪ ಹೊತ್ತಿಗೆ, "ಉದ್ಘಾಟನೆ ದಿನ ಜ್ವರ ಅಂತ ಹೇಳಿಬಿಡೋಣ."

"ಯಾರಿಗೆ ಜ್ವರ?"

"ಯಾರಿಗಾದ್ರೂ."

ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು ಕೋಣೆಯಲ್ಲಿ ಆ ಕಡೆಯಿಂದ ಈ ಕಡೆ ನಡೆದು ನೋಡುತ್ತಿದ್ದಾರೆ. ಹೇಗೆ ಬೇಡ ಅನ್ನಲಿ? ಕರೆದುಕೊಂಡು ಹೋಗಿ, ಅಷ್ಟು ಜನರ ಮುಂದೆ ಸಿಕ್ಕಿಬಿದ್ದರೆ?

ಏಪ್ರಿಲ್ 2

ಉದ್ಘಾಟನೆ ಆಗಿಹೋಯಿತು. ನಡೆದದ್ದು ನಡೆದ ಹಾಗೆ ಬರೆದುಬಿಡುತ್ತೇನೆ.

ಇವರೂ ಬಂದಿದ್ದರು. ಅತ್ತೆ ನನ್ನ ಕೈ ಹಿಡಿಯದೆ ಬೋಗಿಯ ಮೆಟ್ಟಿಲು ಹತ್ತಿದರು. ಮಖಮಲ್ಲು ಸವರಿ, "ಹೊಲಿಗೆ ಚೆನ್ನಾಗಿದೆ" ಅಂದರು. ನನಗೆ! ಮದುವೆಯಾದ ಮೇಲೆ ಇದೇ ಮೊದಲು.

"ಅಜ್ಜಿ, ನೀವು ಯಾವ ಸೀಟಲ್ಲಿ ಕೂತಿದ್ರಿ?" ಆಫೀಸರ್ ಕೇಳಿದರು. ಕ್ಯಾಮೆರಾ ಮೇಲೆದ್ದಿತು.

ಅತ್ತೆ ಕಿಟಕಿ ಕೆಳಗಿನ ತೇಗದ ಹಲಗೆ ಹತ್ತಿರ ಹೋಗಿ ಒಂದು ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿದರು. ಮೂರನೇ ಸಲಕ್ಕೆ ಹಲಗೆ ಕಿರುಗುಟ್ಟಿ ಮುಂದಕ್ಕೆ ಬಿತ್ತು. ಒಳಗೆ ಪಿಂಗಾಣಿ ಬೋಗುಣಿ!

"ಮಗೂಗೆ ಇಲ್ಲೇ ಮುಖ ತೊಳೀತಿದ್ದೆ."

ಒಂದು ತಿಂಗಳು ಆ ಹಲಗೆಗೆ ಪಾಲಿಶ್ ಹಾಕಿದ್ದೇವೆ. ಒಬ್ಬರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಸರಿ, ಸೀಟು ಯಾವುದು ಅಜ್ಜಿ?"

"ಕೂತ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತಪ್ಪ?"

ಎಲ್ಲರೂ ನಕ್ಕರು, ತಮಾಷೆ ಅಂದುಕೊಂಡು. ನಾನೂ ಇವರೂ ನಗಲಿಲ್ಲ. ಆ ಪುಟ್ಟ ಕೋಣೆಯ ಕಡೆ ಅತ್ತೆ ತಿರುಗಿಯೂ ನೋಡಲಿಲ್ಲ.

ಏಪ್ರಿಲ್ 3

ಬೋಗುಣಿ ಪಕ್ಕದಲ್ಲಿ ಅತ್ತೆಯ ಫೋಟೋ ಹಾಕುತ್ತಾರಂತೆ. ಆಫೀಸರ್ ಒಂದು ಫಾರಂ ಕೊಟ್ಟರು. ಹೆಸರು, ವಯಸ್ಸು. ಕೆಳಗೆ ಎರಡು ಚೌಕ — ಪ್ರಯಾಣಿಕರು, ಕೆಲಸದವರು. ಒಂದಕ್ಕೆ ಗುರುತು ಹಾಕಬೇಕು.

ಅಡುಗೆಮನೆಯಲ್ಲಿ, ಮುಖ ನೋಡದೆ ಕೇಳಿದೆ. "ಅತ್ತೆ, ಯಾವುದಕ್ಕೆ ಹಾಕ್ಲಿ?"

"ನಿನಗೆ ಮೊದಲೇ ಗೊತ್ತಿತ್ತಾ?"

"ಹೂಂ."

"ಯಾರಿಗೆ ಹೇಳಿದೆ?"

"ಇವರಿಗೆ ಮಾತ್ರ."

ಆಮೇಲೆ ತಾವಾಗಿಯೇ ಶುರು ಮಾಡಿದರು.

"ಆ ರೈಲಲ್ಲಿ ಊಟ ಇರಲಿಲ್ಲ ಕಣೇ. ದೊಡ್ಡ ಸ್ಟೇಷನ್ ಬಂದ್ರೆ ಅವರೆಲ್ಲ ಇಳಿದು ಹೋಗಿ ತಿಂದ್ಕೊಂಡು ಬರೋರು. ಅರ್ಧ ಗಂಟೆ. ಆಗ ಕೂರ್ತಿದ್ದೆ. ಮಗು ತೊಡೆ ಮೇಲೆ. ಕಿಟಕಿ ಪಕ್ಕದ ಸೋಫಾ. ಪ್ಲಾಟ್‌ಫಾರಮ್ಮಿನ ಜನ ನನ್ನೇ ನೋಡೋರು."

"ರೈಲು ನಿಂತಿರ್ತಿತ್ತಲ್ಲ ಅತ್ತೆ?"

"ನಿಂತಿದ್ರೇನು?"

ನಿಜ, ನಿಂತಿದ್ದರೇನು? ಆದರೆ ನಿಂತ ರೈಲಲ್ಲಿ ಕೂತರೆ ಅದು ಪ್ರಯಾಣವಾ? ಸುಳ್ಳು ಅನ್ನಲಾರೆ. ಪೂರ್ತಿ ನಿಜ ಅಂತಲೂ... ತಲೆ ಕೆಟ್ಟುಹೋಗಿದೆ.

ಫಾರಂ ಮುಂದಿದೆ. "ಹಾಕಿದ್ಯಾ?" ಅಂತ ಒಳಗಿನಿಂದ ಎರಡು ಸಲ ಕೇಳಿದರು. ಮೊದಲ ಚೌಕಕ್ಕೆ, ಪ್ರಯಾಣಿಕರು ಅಂತಿರುವುದಕ್ಕೆ, ಗುರುತು ಹಾಕಿದೆ. ಎರಡನೆಯದನ್ನೂ ಖಾಲಿ ಬಿಡಲಿಲ್ಲ.