ಉಳಿದ ಐದು ಹಸುಗಳು: ಅರ್ಥಶಾಸ್ತ್ರವನ್ನು ಕೈಬಿಟ್ಟ ಪಶುವೈದ್ಯ ಪಠ್ಯಕ್ರಮ ಸಮಿತಿಗೆ

ಪಠ್ಯಕ್ರಮ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತಮ್ಮ ಕಚೇರಿಯಿಂದ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದಿವೆ. ಮೊದಲನೆಯದು ಸುತ್ತೋಲೆ. ಮುಂದಿನ ವರ್ಷದಿಂದ ಪಶುವೈದ್ಯ ಪದವಿಯಲ್ಲಿ ಅರ್ಥಶಾಸ್ತ್ರದ ಪತ್ರಿಕೆ ಇರುವುದಿಲ್ಲ, ಏಕೆಂದರೆ ಅದು 'ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ ವಿಷಯವಲ್ಲ' ಎಂದು ಅದರಲ್ಲಿದೆ. ಎರಡನೆಯದು ಅಭಿನಂದನಾ ಪತ್ರ. ಕೆಚ್ಚಲು ಬಾವು ಬಂದಿದ್ದ ಒಂದು ಹಸುವನ್ನು ನಾನು ಗುಣಪಡಿಸಿದ ಪ್ರಕರಣವನ್ನು ಹೊಸ ಪಠ್ಯಪುಸ್ತಕದ ನೂರ ಹನ್ನೆರಡನೆಯ ಪುಟದಲ್ಲಿ 'ಮಾದರಿ ಚಿಕಿತ್ಸೆ' ಎಂದು ಅಚ್ಚು ಹಾಕಲಿದ್ದೀರಂತೆ. ಕರಡು ಪುಟವನ್ನೂ ಜೊತೆಗಿಟ್ಟಿದ್ದೀರಿ. ಈ ಎರಡು ಕಾಗದಗಳನ್ನು ಒಂದೇ ಪಿನ್ನಿಗೆ ಚುಚ್ಚಿದ ಗುಮಾಸ್ತರಿಗೆ ನನ್ನ ನಮಸ್ಕಾರ ತಿಳಿಸಿ. ತಮ್ಮ ಸಮಿತಿಯ ಏಳು ಮಂದಿ ವಿದ್ವಾಂಸರಿಗೆ ಹೊಳೆಯದ ಸಂಬಂಧ ಅವರ ಕೈಗೆ ತಾನಾಗಿಯೇ ಸಿಕ್ಕಿದೆ.

ಸಂಬಂಧ ಏನೆಂದರೆ, ಆ ಮಾದರಿ ಚಿಕಿತ್ಸೆಯಿಂದ ಒಂದು ಹಸು ಉಳಿಯಿತು, ಒಂದು ಕೊಟ್ಟಿಗೆ ಖಾಲಿಯಾಯಿತು. ಮಾಡಿದವಳು ನಾನು. ಮಾಡುವಂತೆ ಕಲಿಸಿದವರು ತಾವು. ಈಗ ಅದನ್ನೇ ವರ್ಷಕ್ಕೆ ಇನ್ನೂರು ಮಕ್ಕಳಿಗೆ ಕಲಿಸಲು ಹೊರಟಿದ್ದೀರಿ, ಅದಕ್ಕೇ ಈ ಪತ್ರ.

ತಾವು ಕಿತ್ತುಹಾಕಿದ ಪತ್ರಿಕೆಗಾಗಿ ಗೋಳಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಅದನ್ನು ನಾನು ಓದಿದ್ದೇನೆ. ಬೇರೆ ಕಾಲೇಜಿನಿಂದ ಎರವಲು ಬಂದ ಮೇಷ್ಟ್ರೊಬ್ಬರು ಶನಿವಾರದ ಕೊನೆಯ ಗಂಟೆಯಲ್ಲಿ, ಸಗಣಿ ವಾಸನೆ ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿ, ನೋಟ್ಸ್ ಹೇಳಿ ಬರೆಸುತ್ತಿದ್ದರು. ಚಹಾದ ಬೆಲೆ ಏರಿದರೆ ಕಾಫಿಯ ಬೇಡಿಕೆ ಏನಾಗುತ್ತದೆ ಎಂಬುದನ್ನು ಎರಡು ತಿಂಗಳು ಕಲಿತೆವು. ಹಿಂದಿನ ಬೆಂಚಿನವನೊಬ್ಬ ತಡೆಯಲಾರದೆ, "ಸಾರ್, ಹಸು ಯಾವಾಗ ಬರುತ್ತೆ?" ಎಂದು ಕೇಳಿದ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಹಸು ಬೇರೆ ಡಿಪಾರ್ಟ್‌ಮೆಂಟಪ್ಪ, ಅಲ್ಲಿ ಹೋಗಿ ಕೇಳು" ಎಂದರು. ಹಸುವಿನ ಡಿಪಾರ್ಟ್‌ಮೆಂಟಿನಲ್ಲಿ ಕೇಳಿದರೆ ಅವರು ಮೇಷ್ಟ್ರ ಕಡೆ ಕೈ ತೋರಿಸಿದರು. ಹೀಗೆ ಐದು ವರ್ಷ ಆ ಹಸು ಎರಡು ವಿಭಾಗಗಳ ನಡುವಿನ ಕಾರಿಡಾರಿನಲ್ಲಿಯೇ ನಿಂತಿತ್ತು.

ಆ ಪತ್ರಿಕೆಯಲ್ಲಿ ನನಗೆ ನೂರಕ್ಕೆ ತೊಂಬತ್ತೆಂಟು ಬಂತು. ರೇಖಾಚಿತ್ರವನ್ನು ಸ್ಕೇಲಿಟ್ಟು ಎಳೆಯದೆ ಇದ್ದದ್ದಕ್ಕೆ ಎರಡು ಕಳೆದಿದ್ದರು. 'ಅವಕಾಶ ವೆಚ್ಚ ಎಂದರೇನು?' ಎಂಬ ಪ್ರಶ್ನೆಗೆ, 'ಒಂದನ್ನು ಆಯ್ದುಕೊಂಡಾಗ ಕೈಬಿಡಬೇಕಾಗುವ ಇನ್ನೊಂದು' ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದೆ. ಕೈಬಿಡಬೇಕಾಗುವ ಆ ಇನ್ನೊಂದಕ್ಕೆ ನಾಲ್ಕು ಕಾಲು, ಒಂದು ಬಾಲ ಇರಬಹುದೆಂದು ನನಗೆ ಯಾರೂ ಹೇಳಲಿಲ್ಲ. ಪದವಿ ಪ್ರದಾನದ ದಿನ ತಾವೇ ಪ್ರಮಾಣಪತ್ರ ಕೊಟ್ಟಿರಿ. ಕೈ ಕುಲುಕುವಾಗ ತಮ್ಮ ಕಣ್ಣು ಫೋಟೋಗ್ರಾಫರನ ಮೇಲಿತ್ತು.

ಈಗ ನೂರ ಹನ್ನೆರಡನೆಯ ಪುಟದ ಕಥೆಗೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯಿಂದ ಎರಡು ಬೀದಿ ಆಚೆ ತಗಡಿನ ಮಾಡಿನ ಒಂದು ಕೊಟ್ಟಿಗೆ. ಸಾಲಾಗಿ ಆರು ಗೂಟ, ಆರು ಹಸು. ಒಂದು ನಲ್ಲಿ, ಒಂದು ಚರಂಡಿ, ಪ್ರತಿ ಹಸು ಕರು ಹಾಕಿದ ದಿನವನ್ನು ಸೀಮೆಸುಣ್ಣದಲ್ಲಿ ಬರೆದ ಒಂದು ಹಲಗೆ. ಆರನ್ನೂ ನೋಡಿಕೊಳ್ಳುತ್ತಿದ್ದವರು ಒಬ್ಬರೇ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆರಡು ಸಲ ಮನೆಗೆ ಬಂದರೆ ಹೆಚ್ಚು. ಅತ್ತೆಗೆ ಸೊಂಟದ ಮೂಳೆ ಮುರಿದು ವರ್ಷವಾಗಿದೆ. ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಮಲಗಿದಲ್ಲಿಂದಲೇ ಕಿಟಕಿಯ ಮೂಲಕ ಹಸುಗಳಿಗೂ ಸೊಸೆಗೂ ಒಂದೇ ದನಿಯಲ್ಲಿ ಆಜ್ಞೆ ಕೊಡುತ್ತಾರೆ.

ಮೂರನೆಯ ಗೂಟದ ಹಸುವಿನ ಒಂದು ಮೊಲೆ ಊದಿ ಕಲ್ಲಾಗಿತ್ತು. ಹಾಲಿನ ಬದಲು ಹೆಪ್ಪಿನ ಚೂರುಗಳು ತೇಲುವ ನೀರು ಬರುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಪುಸ್ತಕದಲ್ಲಿದ್ದದ್ದು ಇದ್ದ ಹಾಗೆಯೇ ಕಣ್ಣೆದುರು ನಿಂತಿತ್ತು. ನಾನೂ ಪುಸ್ತಕದಂತೆಯೇ ಹೇಳಿದೆ. ಒಂಬತ್ತು ದಿನ ಇಂಜೆಕ್ಷನ್ ನಾನು ಬಂದು ಕೊಡುತ್ತೇನೆ, ಹಗಲೂ ರಾತ್ರಿ ಎರಡೆರಡು ಗಂಟೆಗೊಮ್ಮೆ ಆ ಮೊಲೆಯನ್ನು ಪೂರ್ತಿ ಹಿಂಡಿ ತೆಗೆಯಬೇಕು, ಪ್ರತಿ ಸಲ ತಣ್ಣೀರಿನ ಬಟ್ಟೆ ಕಟ್ಟಬೇಕು, ಕಾಯಿಲೆಯ ಹಸುವನ್ನು ಯಾವಾಗಲೂ ಕೊನೆಗೇ ಮುಟ್ಟಬೇಕು, ಇಲ್ಲದಿದ್ದರೆ ಕೈಯಿಂದ ಬೇರೆ ಹಸುಗಳಿಗೆ ಅಂಟುತ್ತದೆ ಎಂದೆ. ಅಕ್ಕ ಎಲ್ಲವನ್ನೂ ಕೇಳಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದರು.

"ಡಾಕ್ಟ್ರಮ್ಮ, ಎರಡು ಗಂಟೆಗೊಂದ್ಸಲ ನಾನು ಇದರ ಹತ್ರ ಇದ್ರೆ, ಉಳಿದ ಐದರ ಹತ್ರ ಯಾರಿರ್ತಾರೆ?"

"ಯಾರನ್ನಾದ್ರೂ ಸಹಾಯಕ್ಕೆ ಕರ್ಕೊಳ್ಳಿ ಅಕ್ಕ" ಎಂದೆ.

ಮಾನ್ಯರೇ, ಐದು ವರ್ಷದ ಉನ್ನತ ಶಿಕ್ಷಣ ಕೊಟ್ಟ ಉತ್ತರ ಅದು. ಯಾರನ್ನಾದರೂ ಎಂದರೆ ಯಾರನ್ನು? ಆ ಮನೆಯಲ್ಲಿ ಇನ್ನೊಬ್ಬರಿದ್ದದ್ದು ಹಾಸಿಗೆ ಹಿಡಿದ ಅತ್ತೆ. ನನ್ನ ಜೊತೆ ಬಂದಿದ್ದ ಆಸ್ಪತ್ರೆಯ ಅಟೆಂಡರ್, ಮೂವತ್ತು ವರ್ಷ ಹಸು ಹಿಡಿದು ಸವೆದ ಮನುಷ್ಯ, ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು: "ಮೇಡಂ, ಆ ಒಂದು ಮೊಲೆ ಬತ್ತಿಸಿಬಿಡಿ. ಮೂರು ಮೊಲೇಲಿ ಹಾಲು ಕರ್ಕೊಳ್ತಾರೆ. ಆಯಮ್ಮಂಗೆ ಇರೋದು ಎರಡೇ ಕೈ."

"ಇದು ಯಾವ ಪುಸ್ತಕದಲ್ಲಿದೆ?" ಎಂದೆ. ಅವರು ನಕ್ಕು ಬ್ಯಾಗು ಎತ್ತಿಕೊಂಡರು. ಯಾವ ಪುಸ್ತಕದಲ್ಲೂ ಇರಲಿಲ್ಲ, ನಿಜ. ಇರಬೇಕಾಗಿದ್ದದ್ದು ಆ ಶನಿವಾರದ ಪುಸ್ತಕದಲ್ಲಿ.

ಅಕ್ಕ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದರು. ಅದೇ ಅನಾಹುತವಾದದ್ದು. ದಡ್ಡಿಯಾಗಿದ್ದರೆ, ಸೋಮಾರಿಯಾಗಿದ್ದರೆ, ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರೆ ಅವರು ಉಳಿದುಕೊಳ್ಳುತ್ತಿದ್ದರು. ತಾವೇ ಸ್ವಲ್ಪ ಯೋಚಿಸಿ, ಕುರ್ಚಿಯಲ್ಲಿ ಕೂತುಕೊಂಡೇ ಯೋಚಿಸಿದರೂ ಸಾಕು. ಕಾಯಿಲೆಯ ಹಸುವನ್ನು ಕೊನೆಗೆ ಮುಟ್ಟಬೇಕು. ಆದರೆ ಎರಡೆರಡು ಗಂಟೆಗೊಮ್ಮೆ ಮುಟ್ಟಲೇಬೇಕು. ಬೆಳಗಿನ ಹಾಲು ಕರೆಯಲು ಐದು ಹಸುವಿಗೆ ಎರಡು ಗಂಟೆ ಬೇಕು. ಒಂದೇ ಜೊತೆ ಕೈಗೆ ಇದರಲ್ಲಿ ಕೊನೆ ಯಾವುದು, ಮೊದಲು ಯಾವುದು? ನನ್ನ ಎರಡು ಸಲಹೆಗಳೂ ಬಿಡಿಬಿಡಿಯಾಗಿ ಸರಿಯಾಗಿದ್ದವು. ಅವೆರಡೂ ಒಬ್ಬಳೇ ಹೆಂಗಸಿನ ಕೈಯಲ್ಲಿ ಭೇಟಿಯಾಗುತ್ತವೆ ಎಂಬ ಲೆಕ್ಕ ಮಾತ್ರ ನನ್ನ ತಲೆಗೆ ಹೋಗಲಿಲ್ಲ.

ಮುಂದಿನದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಆರನೆಯ ದಿನ ಪಕ್ಕದ ಗೂಟದ ಹಸುವಿಗೆ ಬಾವು ಬಂತು. ಹತ್ತನೆಯ ದಿನದ ಹೊತ್ತಿಗೆ ಮೂರಕ್ಕಾಗಿತ್ತು. ನಾಲ್ಕನೆಯದು ಬೆದೆಗೆ ಬಂದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ, ನೋಡಬೇಕಾದವರು ನಿಂತಲ್ಲೇ ತೂಕಡಿಸುತ್ತಿದ್ದರು. ಹಾಲಿನ ಕೇಂದ್ರದವರು ಪರೀಕ್ಷೆ ಮಾಡಿ ಕ್ಯಾನು ವಾಪಸ್ ಕಳಿಸಿದರು. ಇಷ್ಟೆಲ್ಲ ಆಗುವಾಗ ನಾನು ದಿನಾ ಹತ್ತು ನಿಮಿಷ ಅಲ್ಲಿದ್ದೆ. ಬರುತ್ತಿದ್ದೆ, ಮೂರನೆಯ ಗೂಟದ ಹಸುವಿನ ಹಿಂದೆ ಕೂರುತ್ತಿದ್ದೆ, ಇಂಜೆಕ್ಷನ್ ಕೊಟ್ಟು, ಉಷ್ಣತೆ ಬರೆದುಕೊಂಡು ಹೋಗುತ್ತಿದ್ದೆ. ಬೇರೆ ಹಸುಗಳ ಬಗ್ಗೆ ಅಕ್ಕ ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಕೇಸ್ ಶೀಟಿನಲ್ಲಿ ಆ ಹಸುಗಳಿಗೆ ಜಾಗವೇ ಇರಲಿಲ್ಲ.

ಮೊಲೆ ಪೂರ್ತಿ ಗುಣವಾಯಿತು. ಎರಡು ತಿಂಗಳ ಮೇಲೆ ವರದಿಗೆ ಫೋಟೋ ತೆಗೆಯಲು ಹೋದೆ. ಅಕ್ಕ ಹಗ್ಗ ಹಿಡಿದು ನಿಂತರು. ಹಿಂದೆ ಐದು ಗೂಟ ಖಾಲಿ ಇದ್ದವು. ಮೇಯಲು ಹೋಗಿರಬೇಕು ಎಂದುಕೊಂಡೆ, ಬೆಳಕು ಚೆನ್ನಾಗಿ ಬೀಳುತ್ತಿದೆ ಎಂದೂ ಅನ್ನಿಸಿತು. ಪಶುವೈದ್ಯೆಯೊಬ್ಬಳು ಐದು ಖಾಲಿ ಗೂಟಗಳನ್ನು ನೋಡಿ ಬೆಳಕಿನ ಬಗ್ಗೆ ಯೋಚಿಸಿದಳು ಎಂಬುದನ್ನು ತಾವು ದಯವಿಟ್ಟು ಕಾಲೇಜಿನ ಸಾಧನೆಗಳ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು.

ವಿಷಯ ತಿಳಿದದ್ದು ಇನ್ನೂ ಒಂದು ತಿಂಗಳ ಮೇಲೆ, ಲಸಿಕೆ ಹಾಕಲು ಆರು ಡೋಸು ಹಿಡಿದುಕೊಂಡು ಹೋದಾಗ. ಅಕ್ಕ ಇರಲಿಲ್ಲ. ಕಿಟಕಿಯೊಳಗಿಂದ ಅತ್ತೆ ಕೂಗಿದರು. "ಒಂದು ಸಾಕು ಡಾಕ್ಟ್ರಮ್ಮ. ಹಾಲು ಹೋಗ್ದೆ ಮೇವಿನ ಸಾಲ ಏರ್ತು, ಐದನ್ನೂ ಮಾರಿಯಾಯ್ತು. ಅವಳು ಹಾಲಿನ ಕೇಂದ್ರದಲ್ಲಿ ಊರವರ ಕ್ಯಾನ್ ತೊಳೆಯೋಕೆ ಹೋಗ್ತಾಳೆ." ಆಮೇಲೆ, "ನೀವು ಚೆನ್ನಾಗೇ ನೋಡಿದ್ರಿ ಬಿಡಿ. ಹಸು ಎದ್ದು ನಿಂತ್ಕೊಳ್ತು. ಮನೇನೇ ಮಲಗಿಬಿಡ್ತು" ಎಂದರು. ಆ ಮುದುಕಿಗೆ ಅರ್ಥಶಾಸ್ತ್ರದಲ್ಲಿ ಎಷ್ಟು ಅಂಕ ಕೊಡುತ್ತೀರಿ?

ಸಂಜೆ ಕೇಂದ್ರದ ಹಿಂಬದಿಯಲ್ಲಿ ಅಕ್ಕ ಸಿಕ್ಕರು. ಮೊಣಕೈವರೆಗೆ ಸೋಪಿನ ನೊರೆ. ಆ ಒಂದು ಹಸುವನ್ನು ಏಕೆ ಉಳಿಸಿಕೊಂಡಿರಿ, ಮಾರಿದ್ದರೆ ಅದಕ್ಕೇ ಒಳ್ಳೆಯ ಬೆಲೆ ಬರುತ್ತಿತ್ತಲ್ಲ ಎಂದು ಕೇಳಿದೆ. ಅಕ್ಕ ಕ್ಯಾನು ಬೋರಲು ಹಾಕುತ್ತಾ ಹೇಳಿದರು: "ಮಾರೋಣ ಅಂತಲೇ ಇದ್ದೆ. ಒಂಬತ್ತು ದಿನ ನೀವು ಅಷ್ಟು ಕಷ್ಟಪಟ್ಟಿದ್ರಲ್ಲ, ಮನಸ್ಸು ಬರ್ಲಿಲ್ಲ." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ತಮ್ಮ ಕಚೇರಿಗೆ ಕಳಿಸಿದ್ದ ವರದಿಯನ್ನು ನಾನು ವಾಪಸ್ ಕೇಳಲಿಲ್ಲ. ಬಹುಮಾನ ಬರಬಹುದು ಎಂಬ ಆಸೆ ಇತ್ತು. ತಮ್ಮನ್ನು ಬೈಯುವ ಮೊದಲು ಅದನ್ನೂ ಹೇಳಿಬಿಡುತ್ತೇನೆ.

ಕಳೆದ ಸೋಮವಾರ ಆ ಲಕೋಟೆ ಹಿಡಿದುಕೊಂಡು ತಮ್ಮ ಕೋಣೆಗೆ ಬಂದಿದ್ದೆ. ಮರೆತಿರಬಹುದು, ನೆನಪಿಸುತ್ತೇನೆ. ಮೇಜಿನ ಮೇಲೆ ಪಿಂಗಾಣಿಯ ಹಸುವೊಂದಿತ್ತು. ಮೇವು ಬೇಡ, ಹಾಲು ಕರೆಯಬೇಕಿಲ್ಲ, ವಾಸನೆಯಿಲ್ಲ. ತಮ್ಮ ಪಠ್ಯಕ್ರಮವನ್ನು ಓದಿ ಬಂದವರು ಧೈರ್ಯವಾಗಿ ಚಿಕಿತ್ಸೆ ಕೊಡಬಹುದಾದ ಏಕೈಕ ಪ್ರಾಣಿ ಅದು. ನಾನು ನಡೆದದ್ದನ್ನೆಲ್ಲ ಹೇಳಿದೆ. ತಾವು ಗಡಿಯಾರ ನೋಡಿದಿರಿ.

"ಹಸು ಸತ್ತೋಯ್ತಾ?"

"ಇಲ್ಲ ಸರ್."

"ಔಷಧಿ ತಪ್ಪಾಯ್ತಾ?"

"ಇಲ್ಲ ಸರ್."

"ಮತ್ತಿನ್ನೇನಮ್ಮ ನಿಮ್ಮ ತೊಂದ್ರೆ? ನಾವು ಹಸು ಡಾಕ್ಟ್ರುಗಳು, ಮನೆ ಡಾಕ್ಟ್ರುಗಳಲ್ಲ."

ಕರಡು ಪುಟದ ಚಿತ್ರ ತೋರಿಸಿದೆ. ಅದರಲ್ಲಿ ಹಸು ಮಾತ್ರ ಇದೆ. ಖಾಲಿ ಗೂಟಗಳಿಲ್ಲ, ಅಕ್ಕ ಇಲ್ಲ. ಹಗ್ಗ ಹಿಡಿದ ಎರಡು ಬೆರಳು ಅಂಚಿನಲ್ಲಿ ಉಳಿದಿವೆ. "ಆಯಮ್ಮ ಅಡ್ಡ ಬಂದಿದ್ರು, ಕತ್ತರಿಸೋಕೆ ಹೇಳ್ದೆ" ಎಂದಿರಿ. ಅಷ್ಟು ಪ್ರಾಮಾಣಿಕವಾದ ಮಾತನ್ನು ತಮ್ಮ ಯಾವ ಸುತ್ತೋಲೆಯಲ್ಲೂ ನಾನು ಓದಿಲ್ಲ. ತಮ್ಮ ಶಿಕ್ಷಣಕ್ಕೆ ಹಸುವಿನ ಪಕ್ಕ ನಿಂತ ಮನುಷ್ಯರು ಮೊದಲಿನಿಂದಲೂ ಅಡ್ಡವೇ.

ಅರ್ಥಶಾಸ್ತ್ರವೆಂದರೆ ದುಡ್ಡಿನ ವಿಷಯ, ವೈದ್ಯರಿಗೆ ಅದು ಹೇಳಿದ್ದಲ್ಲ ಎಂದೂ ತಾವು ಅಂದು ಉಪದೇಶ ಮಾಡಿದಿರಿ. ಯಾರ ದುಡ್ಡು ಸ್ವಾಮಿ? ಆ ಕೊಟ್ಟಿಗೆಯಲ್ಲಿ ಔಷಧಿಗೆ ದುಡ್ಡು ಸಾಲದೆ ಯಾವ ಹಸುವೂ ಹೋಗಲಿಲ್ಲ. ಔಷಧಿ ಪುಕ್ಕಟೆ ಕೊಟ್ಟಿದ್ದೆ. ಸಾಲದೆ ಹೋದದ್ದು ಎರಡು ಕೈ, ಒಂದು ಜೊತೆ ಕಣ್ಣು, ಒಂದಿಷ್ಟು ನಿದ್ದೆ. ಇರುವುದಿಷ್ಟೇ ಆಗಿರುವಾಗ ಯಾವುದಕ್ಕೆ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಬ್ಯಾಗು ಬಿಚ್ಚುವ ಮೊದಲು ಕೇಳುವುದೇ ಅರ್ಥಶಾಸ್ತ್ರ. ಆ ಅಟೆಂಡರಿಗೆ ಅದು ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕೊಟ್ಟಿಗೆಯಲ್ಲಿದ್ದ ಒಬ್ಬಳೇ ಪದವೀಧರೆಗೆ. ಕೆಟ್ಟದಾಗಿ ಕಲಿಸುತ್ತಿದ್ದ ವಿಷಯವನ್ನು ಸರಿಯಾಗಿ ಕಲಿಸುವುದು ಬಿಟ್ಟು, ಪೂರ್ತಿ ಕಲಿಸದೆ ಇರುವುದೇ ಸುಧಾರಣೆ ಎಂದು ಹೊರಟಿದ್ದೀರಲ್ಲ, ಕಾಲು ಕುಂಟುತ್ತಿದೆ ಎಂದು ಹಸು ತಂದವರಿಗೂ ತಾವು ಹೀಗೆಯೇ ಕಾಲು ಕತ್ತರಿಸಿ ಕಳಿಸುತ್ತಿದ್ದಿರೋ?

ಹಾಗಾಗಿ ನನ್ನ ಬೇಡಿಕೆ ಕೇಳಿ. ನೂರ ಹನ್ನೆರಡನೆಯ ಪುಟದಲ್ಲಿ ಚಿತ್ರವನ್ನು ಕತ್ತರಿಸದೆ ಅಚ್ಚು ಹಾಕಬೇಕು. ಅಕ್ಕ ಇರಬೇಕು, ಐದು ಖಾಲಿ ಗೂಟಗಳಿರಬೇಕು, 'ಮಾದರಿ ಚಿಕಿತ್ಸೆ' ಎಂಬ ಮಾತಿನ ಜಾಗದಲ್ಲಿ ಮಾಡಿದವಳ ಹೆಸರು ದಪ್ಪಕ್ಷರದಲ್ಲಿರಬೇಕು. ಒಪ್ಪಿಗೆಯಿಲ್ಲದಿದ್ದರೆ ಪ್ರಕರಣವನ್ನೇ ತೆಗೆದುಹಾಕಿ, ಅಭಿನಂದನಾ ಪತ್ರವನ್ನು ಇದರ ಜೊತೆ ಹಿಂದಿರುಗಿಸಿದ್ದೇನೆ. ಅರ್ಥಶಾಸ್ತ್ರ ಪಠ್ಯಕ್ರಮಕ್ಕೆ ವಾಪಸ್ ಬರಬೇಕು, ಆದರೆ ಕಿಟಕಿ ಮುಚ್ಚಿದ ಕೋಣೆಗಲ್ಲ. ಪ್ರತಿ ವಿದ್ಯಾರ್ಥಿ ಒಂದು ಕೊಟ್ಟಿಗೆಯಲ್ಲಿ ಏಳು ದಿನ, ಔಷಧಿಯ ಡಬ್ಬಿ ಮುಟ್ಟದೆ, ಮೊದಲ ಹಾಲಿನಿಂದ ಕೊನೆಯ ಹಾಲಿನವರೆಗೆ ಇರಬೇಕು. ಸಮಿತಿಯ ಏಳು ಮಂದಿಯೂ ಮೊದಲ ತಂಡದಲ್ಲಿ ಹೋದರೆ ಸಂತೋಷ, ತಲೆಗೊಂದು ದಿನ ಸಾಕು.

ಆ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆದುಕೊಡುತ್ತೀರಾ ಎಂದು ನಿನ್ನೆ ಅಕ್ಕನನ್ನು ಕೇಳಿದೆ. ಅವರು ಕ್ಯಾನು ತೊಳೆಯುವುದನ್ನು ನಿಲ್ಲಿಸಲೂ ಇಲ್ಲ.

"ಹೊಸಾ ಪ್ರಶ್ನೆ ಯಾಕೆ ಡಾಕ್ಟ್ರಮ್ಮ? ಹಳೇದಕ್ಕೇ ಇನ್ನೂ ಉತ್ತರ ಕೊಟ್ಟಿಲ್ವಲ್ಲ ನೀವು."

ಇಂತಿ,
ಅರ್ಥಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೆಂಟು ಪಡೆದು, ಆರರವರೆಗೆ ಎಣಿಸಲು ಬಾರದೆ ಹೋದ,
ತಮ್ಮದೇ ಕಾಲೇಜಿನ ಪಶುವೈದ್ಯೆ